ಸದನದಲ್ಲಿ ‘ಉದ್ಭವಿಸುವುದಿಲ್ಲ’ ಅಂದರೆ ಏನು?

ಅಧಿವೇಶನ ಶುರುವಾದರೆ ನನಗೆ ಬರುವ ಪತ್ರಗಳೂ ಜಾಸ್ತಿ. ವಿಧಾನಸೌಧ, ಆಮೇಲೆ ದೆಹಲಿ, ಎರಡೂ ಕಡೆ ಪತ್ರಕರ್ತರ ಗ್ಯಾಲರಿಯಲ್ಲಿ ಇಪ್ಪತ್ತೆರಡು ವರ್ಷ ಕೂತು ಸೊಂಟನೋವು ಸಂಪಾದಿಸಿದವಳು ನಾನು. ಅಷ್ಟು ಅನುಭವದ ಮೇಲೆ ಹೇಳುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮೂರ ರೈಲ್ವೆ ಗೇಟ್ ಹಾಕಿದರೆ ಇಪ್ಪತ್ತು ನಿಮಿಷ ನಿಲ್ಲಬೇಕು. ಮೇಲ್ಸೇತುವೆ ಬೇಕೆಂದು ಸಂಸದರು ಲೋಕಸಭೆಯಲ್ಲಿ ಕೇಳಿದ್ದರು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದು ಎರಡು ವರ್ಷವಾಯಿತು. ಕೇಳಿದ್ದು ಸುಮ್ನೆ ದಂಡ ಅಲ್ವಾ?
– ಔಷಧಿ ಅಂಗಡಿಯವರು, ಹಾಸನ ಜಿಲ್ಲೆ

ಉತ್ತರ: ದಂಡ ಅಲ್ಲ, ಅರ್ಧಕ್ಕೇ ಬಿಟ್ಟಿದ್ದೀರಿ. ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದರೆ ನಮಗೆ ಜಾರಿಕೊಳ್ಳುವ ಮಾತು. ಸದನದ ಲೆಕ್ಕದಲ್ಲಿ ಅದು ಭರವಸೆ. ಯಾವ ಯಾವ ಮಾತನ್ನು ಭರವಸೆ ಎಂದು ಹಿಡಿಯಬೇಕು ಎಂಬುದಕ್ಕೆ ಪಟ್ಟಿಯೇ ಇದೆ. ಅದನ್ನು ಬೆನ್ನುಹತ್ತಲು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಸಚಿವಾಲಯ ಸಮಿತಿಯ ಮುಂದೆ ಇನ್ನಷ್ಟು ಸಮಯ ಕೇಳಬೇಕು, ಇಲ್ಲವೇ ‘ಇದನ್ನು ಕೈಬಿಡಿ’ ಎಂದು ಕೇಳಿಕೊಳ್ಳಬೇಕು. ನಿಮಗೆ ಬಂದ ಉತ್ತರ ಸಮಿತಿಯ ಭರವಸೆಗಳ ಪಟ್ಟಿಗೆ ಸೇರಿದೆಯಾ ಎಂದು ಸಂಸದರ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿನವರಿಗೇ ಗೊತ್ತಿಲ್ಲದಿದ್ದರೂ ಆಶ್ಚರ್ಯಪಡಬೇಡಿ.

ಮುಂದಿನ ಪ್ರಶ್ನೆಯನ್ನು ನೀವೇ ಬರೆದುಕೊಡಿ. ‘ಸೇತುವೆ ಯಾವಾಗ?’ ಎಂದು ಬೇಡ, ಗೇಟಿನ ಲೆಕ್ಕ ಕೇಳಿ. ದಿನಕ್ಕೆ ಹಾಯುವ ರೈಲುಗಳ ಸಂಖ್ಯೆಯನ್ನು ಗೇಟು ದಾಟುವ ವಾಹನಗಳ ಸಂಖ್ಯೆಯಿಂದ ಗುಣಿಸುತ್ತಾರೆ. 50 ರೈಲು, 2,000 ವಾಹನ ಇದ್ದರೆ 1 ಲಕ್ಷ. ರೈಲ್ವೆ ಮತ್ತು ರಾಜ್ಯ ಖರ್ಚು ಹಂಚಿಕೊಂಡು ಸೇತುವೆ ಕಟ್ಟಲು ಈ 1 ಲಕ್ಷವೇ ಬಹುಕಾಲದ ಅಳತೆ. ನಿಮ್ಮ ಗೇಟಿನಲ್ಲಿ ಕೊನೆಯ ಸಲ ಎಣಿಸಿದ್ದು ಯಾವ ತಾರೀಖು? ಎಷ್ಟು ಬಂತು? ಖರ್ಚಿಗೆ ರಾಜ್ಯದ ಒಪ್ಪಿಗೆ ಪತ್ರ ಬಂದಿದೆಯೇ? ಹೀಗೆ ಕೇಳಿ. 150 ಪದ ಮೀರಬಾರದು, ಉತ್ತರದ ದಿನಕ್ಕೆ ಕನಿಷ್ಠ 15 ದಿನ ಮೊದಲೇ ತಲುಪಬೇಕು. ಅಂಗಡಿ ಗೇಟಿನ ಪಕ್ಕದಲ್ಲೇ ಇದ್ದರೆ ಒಂದು ದಿನ ನೀವೇ ಎಣಿಸಿಬಿಡಿ.

ಪ್ರಶ್ನೆ: ನಮ್ಮ ಸಂಸದರ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ ಬಂತು. ಸಚಿವರು ಎದ್ದು ನಿಂತು ಹೇಳಲಿಲ್ಲ. ಇದು ಅವಮಾನ ಅಲ್ವಾ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಖಂಡಿತ ಅಲ್ಲ. ಬಾಯಲ್ಲಿ ಉತ್ತರಿಸಬೇಕಾದ, ಅಂದರೆ ಚುಕ್ಕೆ ಗುರುತಿನ ಪ್ರಶ್ನೆ ಲೋಕಸಭೆಯಲ್ಲಿ ದಿನಕ್ಕೆ 20 ಮಾತ್ರ. ಚುಕ್ಕೆ ಇಲ್ಲದವು 230. ಆ ಇಪ್ಪತ್ತರಲ್ಲೂ ಒಂದು ಗಂಟೆಯಲ್ಲಿ ಐದಾರು ಮುಗಿದರೆ ದೊಡ್ಡದು. 1972ರಲ್ಲಿ ಒಮ್ಮೆ ಇಪ್ಪತ್ತೂ ಮುಗಿದ ಮೇಲೆ, ಮತ್ತೆ ಹಾಗಾಗಿದ್ದು 2019ರ ನವೆಂಬರ್ 27ರಂದು. ಗಲಾಟೆ ಎದ್ದು ಕಲಾಪ ಮುಂದಕ್ಕೆ ಹೋದರೆ ಬಾಯುತ್ತರ ಅಲ್ಲಿಗೇ ನಿಂತಿತು. ಕಾಗದದ ಉತ್ತರ ಮಾತ್ರ ಸದನದ ಮೇಜಿಗೆ ಬಂದೇ ಬರುತ್ತದೆ. ನನಗೆ ಒಳ್ಳೆಯ ಸುದ್ದಿ ಸಿಕ್ಕಿದ್ದೆಲ್ಲ ಆ ಕಾಗದದ ಕಟ್ಟಿನಲ್ಲೇ.

ಪ್ರಶ್ನೆ: ನಮ್ಮ ಹಳ್ಳಿಗೆ ಬೆಳಗ್ಗೆ ಕಾಲೇಜಿನ ಹೊತ್ತಿಗೆ ಬಸ್ಸಿಲ್ಲ. ಶಾಸಕರು ಕೇಳಿದ್ದಕ್ಕೆ ‘ಉದ್ಭವಿಸುವುದಿಲ್ಲ’ ಎಂದಿದ್ದಾರಂತೆ. ಏನು ಉದ್ಭವಿಸಬೇಕಿತ್ತು?
– ಬಿ.ಕಾಂ. ವಿದ್ಯಾರ್ಥಿನಿ, ಗದಗ ಜಿಲ್ಲೆ

ಉತ್ತರ: ನಗು ಬಂತು, ಕ್ಷಮಿಸಮ್ಮ. ವಿಧಾನಸಭೆಯ ಉತ್ತರದ ಹಾಳೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಇರುತ್ತದೆ. ಅ) ಸದರಿ ಗ್ರಾಮಕ್ಕೆ ಬಸ್ ಸೌಲಭ್ಯ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ: ‘ಬಂದಿರುವುದಿಲ್ಲ.’ ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಬಲಗಡೆ: ‘ಉದ್ಭವಿಸುವುದಿಲ್ಲ.’ ಅಂದರೆ, ಗಮನಕ್ಕೇ ಬಾರದ ಮೇಲೆ ಕ್ರಮದ ಪ್ರಶ್ನೆಯೇ ಏಳುವುದಿಲ್ಲ. ಮುಗಿಯಿತು ಕಥೆ. ಸುಳ್ಳೂ ಇರಲಿಕ್ಕಿಲ್ಲ, ಸಂಜೆ ಒಂದು ಬಸ್ಸು ಬರುತ್ತಿದ್ದರೆ ‘ಸೌಲಭ್ಯ ಇದೆ’ ಎಂದೇ ಲೆಕ್ಕ! ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿ ಓಡಿಹೋಗಲು ಬಾಗಿಲು ತೆರೆದಿಟ್ಟವರು ನಮ್ಮವರೇ. ಬೆಳಗ್ಗೆ 7ರಿಂದ 9ರವರೆಗೆ ಆ ದಾರಿಯಲ್ಲಿ ಎಷ್ಟು ಟ್ರಿಪ್, ಯಾವ ಡಿಪೋದಿಂದ, ಆ ಊರಿಗೆ ಎಷ್ಟು ವಿದ್ಯಾರ್ಥಿ ಪಾಸ್ ಕೊಟ್ಟಿದ್ದಾರೆ? ಇದಕ್ಕೆ ಅಂಕಿಯನ್ನೇ ಬರೆಯಬೇಕಾಗುತ್ತದೆ.

ಅಂದಹಾಗೆ, ಬಸ್ಸಿನ ವಿಷಯಕ್ಕೆ ಸಂಸದರ ಬೆನ್ನು ಬೀಳಬೇಡಿ. ಸಾರಿಗೆ ನಿಗಮಗಳು ರಾಜ್ಯದವು. ರೈಲು, ರಾಷ್ಟ್ರೀಯ ಹೆದ್ದಾರಿ ಆದರೆ ದೆಹಲಿ.

ಪ್ರಶ್ನೆ: ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಬಹುದಾ?
– ಆಟೊ ಚಾಲಕರು, ದಾವಣಗೆರೆ

ಉತ್ತರ: ಧಾರಾಳವಾಗಿ. ನಿಮ್ಮ ಜಿಲ್ಲೆಯವರೇ ಆದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದ್ದರು. ಈಗಂತೂ ಭಾಷಾಂತರಕಾರರಿದ್ದಾರೆ, ಇಯರ್‌ಫೋನ್ ಇದೆ. ಇಷ್ಟಿದ್ದೂ ನಮ್ಮವರು ತಡವರಿಸುತ್ತಾ ಇಂಗ್ಲಿಷ್ ಓದುವುದನ್ನು ನೋಡಿದರೆ ಸಂಕಟವಾಗುತ್ತದೆ.

ಪ್ರಶ್ನೆ: ಟಿವಿಯಲ್ಲಿ ನೋಡಿದರೆ ಮಧ್ಯಾಹ್ನದ ಚರ್ಚೆಗೆ ಬರೀ ಖಾಲಿ ಕುರ್ಚಿಗಳು. ಕಲಾಪ ಹೇಗೆ ನಡೆಯುತ್ತದೆ?
– ಗೃಹಿಣಿ, ಮೈಸೂರು

ಉತ್ತರ: ಲೋಕಸಭೆಗೆ ಕೋರಂ, ಅಂದರೆ ಕಲಾಪ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿ, 55 ಜನ. ಯಾರೂ ಎದ್ದು ‘ಕೋರಂ ಇಲ್ಲ’ ಎನ್ನದಿದ್ದರೆ ಚರ್ಚೆ ಹಾಗೇ ಸಾಗುತ್ತದೆ. ಯಾರಾದರೂ ಹಾಗೆಂದರೆ ಗಂಟೆ ಬಾರಿಸುತ್ತಾರೆ. ನಾನು ಗ್ಯಾಲರಿಯಿಂದ ನೋಡುತ್ತಿದ್ದಾಗ ಒಬ್ಬರು ಗಂಟೆ ಕೇಳಿ ಬಾಯಿ ಒರೆಸಿಕೊಳ್ಳುತ್ತಾ ಓಡಿ ಬಂದರು. ಲೆಕ್ಕ ಸರಿಹೋಯಿತು. ಎರಡೇ ನಿಮಿಷ, ಮತ್ತೆ ಎದ್ದು ಹೊರಟರು.