ಮಹಾಡಿನ ನೀರಿಗೂ ನಮಗೂ ಏನು ಸಂಬಂಧ?

ಡೊಂಬಿವಲಿಯ ಹಿರಿಯ ಓದುಗರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ರಾಯಗಡ ಜಿಲ್ಲೆಯ ಮಹಾಡ್ ಎಂಬ ಸಣ್ಣ ಊರಿನ ನೆರೆ, ಗುಡ್ಡಕುಸಿತಗಳ ಚರಿತ್ರೆಗೆ ಏಳು ಪುಟ ಸುರಿದಿದ್ದೀರಿ. ಮುಂಬಯಿ ಕನ್ನಡಿಗರಿಗೆ ಇದರಿಂದ ಏನಾಗಬೇಕು? ಈಗ ಮಳೆಗೆ ಮುಂಚೆಯೇ ರೆಡ್ ಅಲರ್ಟ್ ಮೊಬೈಲಿಗೆ ಬರುತ್ತದೆ. ಸತ್ತವರ ಲೆಕ್ಕ ತೆಗೆದು ಮನಸ್ಸು ಕೆಡಿಸುವ ಬದಲು ಆ ಜಾಗ ಸಂಘ-ಸಂಸ್ಥೆಗಳ ಸುದ್ದಿಗೆ ಕೊಡಬಹುದಿತ್ತು.’

ರಾಯರೇ, ಇಷ್ಟು ಚಂದದ ಕೈಬರಹದಲ್ಲಿ ಬೈದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಅಲರ್ಟಿನ ಮಾತು ಒಪ್ಪಿದೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಇದೇ ರಾಯಗಡದ ಕರಾವಳಿಗೆ ಅಪ್ಪಳಿಸಿದಾಗ ಮುನ್ಸೂಚನೆ ಇದ್ದದ್ದರಿಂದಲೇ ಸಾವಿರಾರು ಜನರನ್ನು ಮೊದಲೇ ಬೇರೆಡೆಗೆ ಸಾಗಿಸಲಾಯಿತು. ಶ್ರೀವರ್ಧನ, ದಿವೇಆಗರದ ಅಡಿಕೆ, ತೆಂಗಿನ ತೋಟಗಳು ಮಲಗಿಬಿಟ್ಟವು, ಜನ ಉಳಿದರು. ಹವಾಮಾನ ಇಲಾಖೆಗೆ ನನ್ನದೂ ಒಂದು ನಮಸ್ಕಾರ ಇರಲಿ.

ಆದರೆ ಅಲರ್ಟ್ ಹೇಳುವುದು ಆಕಾಶದಿಂದ ಎಷ್ಟು ಬೀಳುತ್ತದೆ ಎಂದು ಮಾತ್ರ. ಬಿದ್ದದ್ದು ಯಾವ ಗಲ್ಲಿಯಿಂದ ಒಳಗೆ ನುಗ್ಗುತ್ತದೆ, ಯಾರ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ, ಯಾವ ರಸ್ತೆ ಮೊದಲು ಮುಳುಗುತ್ತದೆ ಎಂಬುದನ್ನು ಊರೇ ಬರೆದಿಟ್ಟುಕೊಳ್ಳಬೇಕು. ಸಾವಿತ್ರಿ ನದಿ ಹುಟ್ಟುವುದು ಮಹಾಬಳೇಶ್ವರದಲ್ಲಿ. ಘಟ್ಟ ಇಳಿದದ್ದೇ ಮಹಾಡ್, ಅಲ್ಲಿ ಗಾಂಧಾರಿ ಹೊಳೆ ಬಂದು ಸೇರುತ್ತದೆ, ಕೆಳಗೆ ಬಾಣಕೋಟದ ಅಳಿವೆ. ಕಡಲು ಉಬ್ಬರದಲ್ಲಿದ್ದರೆ ಹೊಳೆಗೆ ಮುಂದೆ ಹೋಗಲು ದಾರಿ ಸಿಗದೆ ಪೇಟೆಯ ಕಡೆ ತಿರುಗುತ್ತದೆ. 2021ರ ಜುಲೈ ನೆರೆಯಲ್ಲಿ ಮಹಾಬಳೇಶ್ವರದಲ್ಲಿ ಒಂದೇ ದಿನ 594 ಮಿ.ಮೀ. ಮಳೆ ಸುರಿದಿತ್ತು. ಮಹಾಡಿನವರು ತಮ್ಮ ಮಾಡಿನ ಮೇಲಿನ ಮಳೆಯ ಜೊತೆ ಘಟ್ಟದ ಮೇಲಿನ ಮಳೆಯನ್ನೂ ಕಡಲನ್ನೂ ಲೆಕ್ಕ ಹಾಕಬೇಕು. ಇಷ್ಟೆಲ್ಲ ಯಾವ ಮೊಬೈಲ್ ಸಂದೇಶದಲ್ಲಿ ಹಿಡಿಸುತ್ತದೆ?

ಆ ಲೇಖನಕ್ಕಾಗಿ ಅಲ್ಲಿಗೆ ಹೋದಾಗ ಕುಂದಾಪುರ ಕಡೆಯವರೊಬ್ಬರ ಸಣ್ಣ ಹೋಟೆಲಿನಲ್ಲಿ ಚಹಾ ಕುಡಿದೆ. ಗಲ್ಲಾದ ಹಿಂದಿನ ಕಂಬದಲ್ಲಿ, ಲಕ್ಷ್ಮಿಯ ಪಟದ ಪಕ್ಕ, ಪೆನ್ಸಿಲಿನ ಗೀಟುಗಳು. ಒಂದೊಂದರ ಎದುರಿಗೂ ಇಸವಿ. 2021ರ ಗೀಟು ನೋಡಲು ಕತ್ತೆತ್ತಬೇಕು. ಗ್ರೈಂಡರಿನ ಮೋಟಾರು ಬಿಚ್ಚುವ ಪಾನಾ ಗಲ್ಲಾದೊಳಗೆ, ಚಿಲ್ಲರೆಯ ಜೊತೆಗೇ ಇತ್ತು. ‘ನೀರು ಎರಡನೇ ಮೆಟ್ಟಿಲಿಗೆ ಬಂತೋ, ಮೋಟಾರು ಬಿಚ್ಚುವುದು, ಅಕ್ಕಿ ಮೂಟೆ ಅಟ್ಟಕ್ಕೆ ಹಾಕುವುದು. ಗಿರಾಕಿ ಕೂತಿದ್ದರೂ ಎಬ್ಬಿಸುವುದೇ. ಅಪ್ಪಯ್ಯ ಕಲಿಸಿದ್ದು’ ಎಂದರು. ಗೋಡೆಗೆಲ್ಲ ಹೊಸ ಪೇಂಟ್ ಹೊಡೆಸಿದ್ದರು, ಆ ಕಂಬ ಒಂದನ್ನು ಬಿಟ್ಟು. ನಿಮ್ಮ ಕೈಬರಹ ನೋಡಿದರೆ ನೀವು ಲೆಡ್ಜರ್ ಕಾಲದವರು, ಒಂದು ರೂಪಾಯಿ ತಾಳೆಯಾಗದಿದ್ದರೆ ಕಡೆಯ ಲೋಕಲ್ ತಪ್ಪಿಸಿಕೊಂಡಾದರೂ ಹುಡುಕಿದವರು. ಆ ಕಂಬದ ಬೆಲೆ ನಿಮಗೆ ನಾನು ಹೇಳಬೇಕೇ?

ನನ್ನ ಹಳೆಯ ಸಂಕಟ ಇನ್ನೊಂದಿದೆ. 2005ರ ಜುಲೈ 26 ಎಂದರೆ ಎಲ್ಲರಿಗೂ ಮುಂಬಯಿ. ಸಾಂತಾಕ್ರೂಜಿನ 944 ಮಿ.ಮೀ. ನಮ್ಮ ಮಕ್ಕಳಿಗೂ ಬಾಯಿಪಾಠ. ಪ್ರತಿ ವರ್ಷ ಪತ್ರಿಕೆಗಳಲ್ಲಿ ಅದೇ ಮುಳುಗಿದ ಬೆಸ್ಟ್ ಬಸ್ಸಿನ ಫೋಟೋ. ಅದೇ ಮಳೆಯಲ್ಲಿ ಮಹಾಡ್, ಪೋಲಾದಪುರ ತಾಲೂಕುಗಳಲ್ಲಿ ಗುಡ್ಡ ಜರಿದು ಜುಯಿ, ದಾಸಗಾಂವ್ ಮುಂತಾದ ಹಳ್ಳಿಗಳಲ್ಲಿ 150ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಅವರ ಫೋಟೋ ಎಲ್ಲಿದೆ? 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ್ ಗುಡ್ಡದಡಿ ಸೇರಿ 151 ಮಂದಿ ಸತ್ತಾಗ, ಅಲ್ಲಿ ಊರೇ ಕಾಣುತ್ತಿಲ್ಲ ಎಂದು ಹೊರಗೆ ತಿಳಿಸಿದ್ದು ದಿನಾ ಆ ದಾರಿಯಲ್ಲಿ ಹೋಗುತ್ತಿದ್ದ ಎಸ್‌ಟಿ ಬಸ್ಸಿನ ಚಾಲಕ. 2021ರ ಜುಲೈ 22ರಂದು ಮತ್ತೆ ಮಹಾಡ್ ತಾಲೂಕಿನ ತಳಿಯೆ, 80ಕ್ಕೂ ಹೆಚ್ಚು ಸಾವು. ಕೆಳಗೆ ರಸ್ತೆಯೆಲ್ಲ ನೀರಾಗಿ ರಕ್ಷಣಾ ತಂಡ ಮಾರನೆಯ ದಿನ ಮುಟ್ಟಿತು. 2023ರ ಜುಲೈ 19ರ ರಾತ್ರಿ ಖಾಲಾಪುರದ ಇರ್ಶಾಳವಾಡಿ.

ತಾರೀಖುಗಳನ್ನು ನೋಡಿ. ಎಲ್ಲವೂ ಜುಲೈಯ ಕೊನೆಯ ಎರಡು ವಾರದೊಳಗೆ. ಜೂನಿನಿಂದ ನೀರು ಕುಡಿದ ಗುಡ್ಡದ ಮಣ್ಣು ಅಷ್ಟು ಹೊತ್ತಿಗೆ ಭಾರವಾಗಿ ಅಡಿಯ ಬಂಡೆಯ ಮೇಲಿನ ಹಿಡಿತ ಕಳೆದುಕೊಂಡಿರುತ್ತದೆ, ಆಮೇಲೆ ಎರಡು ದಿನದ ಜಡಿಮಳೆ ಸಾಕು. ಒಂದರ ಕೆಳಗೆ ಒಂದು ಬರೆದಿಟ್ಟರೆ ತಾನೇ ಇದು ಕಣ್ಣಿಗೆ ಬೀಳುವುದು? ಇದನ್ನು ‘ಸತ್ತವರ ಲೆಕ್ಕ’ ಎಂದು ಕರೆದಿರಿ. ಹೋಗಲಿ ಬಿಡಿ, ಬೇಜಾರಿಲ್ಲ.

ನಮಗೇನು ಸಂಬಂಧ ಎಂದು ಕೇಳಿದಿರಲ್ಲ, ಅದಕ್ಕೆ ಮಾತ್ರ ಸ್ವಲ್ಪ ಬೇಜಾರಿದೆ. 2003ರ ಜೂನಿನಲ್ಲಿ ವೈಭವವಾಡಿಯ ಹತ್ತಿರ ಹಳಿಗೆ ಜರಿದ ಬಂಡೆಗೆ ಬಡಿದದ್ದು ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ರಜಾಕಾಲದ ರೈಲು. ಮಾರನೆಯ ವರ್ಷ ಜೂನ್ 16ರಂದು ಹಳಿ ತಪ್ಪಿದ್ದು ನಮ್ಮ ಮತ್ಸ್ಯಗಂಧಾ, ಇದೇ ಮಹಾಡ್ ತಾಲೂಕಿನ ಕರಂಜಾಡಿಯಲ್ಲಿ. ಊರಿಗೆ ಹೋಗುವಾಗ ರೋಹಾ ದಾಟಿದ ಮೇಲೆ ನಿದ್ದೆ ಮಾಡುವ ನಾವು ಯಾರ ಗುಡ್ಡದಡಿಯಲ್ಲಿ ಮಲಗಿರುತ್ತೇವೆ ಎಂದುಕೊಂಡಿರಿ? 2016ರ ಆಗಸ್ಟ್ 2ರ ರಾತ್ರಿ ಸಾವಿತ್ರಿಯ ಮೇಲಿನ ಬ್ರಿಟಿಷರ ಕಾಲದ ಸೇತುವೆ ಎರಡು ಎಸ್‌ಟಿ ಬಸ್ಸುಗಳ ಸಮೇತ ಕೊಚ್ಚಿಹೋಯಿತು. ಅದು ಗೋವಾ ಹೆದ್ದಾರಿ, ರಾಯರೇ, ನಮ್ಮವರ ಹೋಟೆಲುಗಳ ಹೆದ್ದಾರಿ.

ನಮ್ಮ ಹಿರಿಯರಿಗೆ ಇದೆಲ್ಲ ಹೇಳಿಕೊಡಬೇಕಾಗಿರಲಿಲ್ಲ. ತುಳುನಾಡಿನಲ್ಲಿ 1923ರ ನೆರೆಗೆ ಮಾರಿಬೊಳ್ಳ ಎಂಬ ಹೆಸರೇ ಇದೆ. ಹುಟ್ಟಿದ ತಾರೀಖು ಗೊತ್ತಿಲ್ಲದ ಅಜ್ಜಿಯರು ಬೊಳ್ಳ ಬಂದಾಗ ತಾವೆಷ್ಟು ದೊಡ್ಡವರಿದ್ದೆವು ಎಂದು ಹೇಳಿ ವಯಸ್ಸು ತಿಳಿಸುತ್ತಿದ್ದರು. 1974ರಲ್ಲಿ ನೇತ್ರಾವತಿ ಮತ್ತೆ ಬಂಟ್ವಾಳಕ್ಕೆ ನುಗ್ಗಿದಾಗ ಜನ ಎರಡನ್ನೂ ಹೋಲಿಸಿದ್ದು ಆ ನೆನಪಿನ ಬಲದಿಂದ. ಅವರ ಮೊಮ್ಮಕ್ಕಳಾದ ನಾವು ಇಲ್ಲಿ ತರುವ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ. ಶಾಲು, ಹಾರ, ಹಣ್ಣಿನ ಬುಟ್ಟಿ, ವೇದಿಕೆಯಲ್ಲಿ ಸಾಲಾಗಿ ಕೂತವರು. ಯಾರು ಎಷ್ಟು ಹೋಟೆಲ್ ತೆರೆದರು ಎಂದಿರುತ್ತದೆ. ನೆರೆಗೆ ಎಲ್ಲ ಕಳೆದುಕೊಂಡು ಸಾಲದ ಪಾತ್ರೆ ತಂದು ಮತ್ತೆ ಒಲೆ ಹಚ್ಚಿದ ವರ್ಷದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕೇಳಿದರೆ ‘ಶುಭ ಕಾರ್ಯದಲ್ಲಿ ಅದ್ಯಾಕೆ’ ಎನ್ನುತ್ತಾರೆ. ಊರು ಮರೆತರೆ ಬಿಲ್ಡರನಿಗೆ ಹಬ್ಬ. ‘ಇಲ್ಲಿ ನೀರು ಬಂದದ್ದೇ ಇಲ್ಲ’ ಎಂದು ಹೊಳೆದಂಡೆಯಲ್ಲಿ ಫ್ಲ್ಯಾಟ್ ಮಾರುವಾಗ ಎದುರಾಡಲು ಯಾರ ಹತ್ತಿರವೂ ಕಾಗದವಿರುವುದಿಲ್ಲ.

ನಿಮ್ಮ ಡೊಂಬಿವಲಿಯೂ 2005ರಲ್ಲಿ ಮುಳುಗಿದ ಊರೇ. ನಿಮ್ಮ ಸೊಸೈಟಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಮೀಟರ್ ಪೆಟ್ಟಿಗೆ ಮುಳುಗಿತೇ, ಮೊದಲು ಯಾರ ಮನೆಗೆ ನುಗ್ಗಿತು ಎಂಬುದನ್ನು ಅದೇ ಚಂದದ ಅಕ್ಷರದಲ್ಲಿ ಎರಡು ಪುಟ ಬರೆದು ಕಳಿಸಿ. ಸಂಘದ ಸುದ್ದಿಯನ್ನು ಹಿಂದಕ್ಕೆ ತಳ್ಳಿಯಾದರೂ ಅಚ್ಚು ಹಾಕುತ್ತೇನೆ. ಮುಂದಿನ ತಿಂಗಳು ವಾಶಿಷ್ಠಿ ನದಿಯ ಚಿಪಳೂಣ್ ಬರಲಿದೆ, ಒಂಬತ್ತು ಪುಟ. ಅದಕ್ಕೆ ಮುಂಚೆಯೇ ಚಂದಾ ನಿಲ್ಲಿಸುವುದಿದ್ದರೆ ದಯವಿಟ್ಟು ಕಾರ್ಡು ಹಾಕಿ, ಫೋನಿನಲ್ಲಿ ಬೇಡ.