ಪುಟ್ಟ ವಿಮಾನಕ್ಕೆ ಎಷ್ಟು ದೊಡ್ಡ ಫ್ಲೋಟ್ ಬೇಕು?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿ ವಿದ್ಯಾನಗರದವನು. ಮಗಳು ಒಂಬತ್ತನೇ ಕ್ಲಾಸು. ಇಬ್ಬರೂ ಸೇರಿ ಫೋಮ್ ಶೀಟಿನಲ್ಲಿ ರಿಮೋಟ್ ವಿಮಾನ ಮಾಡಿ ಹಾರಿಸುತ್ತಿದ್ದೇವೆ. ರೆಕ್ಕೆ 1.4 ಮೀಟರ್, ಮೂತಿಯಿಂದ ಬಾಲಕ್ಕೆ 1 ಮೀಟರ್, ಬ್ಯಾಟರಿ ಸೇರಿ ತೂಕ ಒಂದೂವರೆ ಕೆ.ಜಿ. ಈಗ ಚಕ್ರ ತೆಗೆದು ಫ್ಲೋಟ್ (ನೀರಿನಲ್ಲಿ ತೇಲುವ, ದೋಣಿಯಂಥ ಜೋಡಿ ಕಾಲು) ಹಾಕಿ, ಕೆರೆ ನೀರಿನಿಂದಲೇ ಏರಿಸಬೇಕು ಅಂತ ಮಗಳ ಹಠ. ಆನ್‌ಲೈನಿನಲ್ಲಿ 60 ಸೆಂ.ಮೀ. ಮತ್ತು 90 ಸೆಂ.ಮೀ. ಉದ್ದದ ಫ್ಲೋಟ್ ಕಂಡವು. ದೊಡ್ಡದನ್ನೇ ತಗೊಂಡರೆ ಮುಳುಗುವ ಭಯ ಇರಲ್ಲ, ಅಲ್ವಾ?

ಉತ್ತರ: ಮುಳುಗುವುದಿಲ್ಲ, ನಿಜ. ಆದರೆ ಸರಿಯಾಗಿ ಹಾರುವುದೂ ಕಷ್ಟ. ನಿಮ್ಮ ವಿಮಾನಕ್ಕೆ ಈ ಎರಡೂ ಬೇಡ. ಮಗಳಿಗೆ ಫೋಮ್ ಕೊರೆಯುವ ಕೈ ಈಗಾಗಲೇ ಕುದುರಿದೆ, ಫ್ಲೋಟನ್ನೂ ಮನೆಯಲ್ಲೇ ಮಾಡಿ. ಅಳತೆ ಹೇಳುತ್ತೇನೆ.

ಮೊದಲು ತೂಕ. ಬರೀ ವಿಮಾನದ್ದಲ್ಲ, ಫ್ಲೋಟು ಮತ್ತು ಅದನ್ನು ಕಟ್ಟುವ ತಂತಿ ಸೇರಿದ ತೂಕ. ಅದಕ್ಕೆ 250 ಗ್ರಾಂ ಹಿಡಿಯೋಣ. ಒಟ್ಟು 1.75 ಕೆ.ಜಿ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಹಾಗಾಗಿ ಎರಡೂ ಫ್ಲೋಟ್ ಸೇರಿ 1.75 ಲೀಟರ್ ನೀರು ಸರಿಸಿದರೆ ವಿಮಾನ ತೇಲುತ್ತದೆ. ಆದರೆ ಬರೀ ತೇಲಿದರೆ ಸಾಲದು. ಅಷ್ಟೇ ಇದ್ದರೆ ಫ್ಲೋಟಿನ ಬೆನ್ನು ನೀರಿನ ಮಟ್ಟಕ್ಕೇ ಇರುತ್ತದೆ, ಒಂದು ಸಣ್ಣ ಅಲೆ ಬಂದರೂ ಮುಗಿಯಿತು.

ಜನ ಕೂರುವ ದೊಡ್ಡ ವಿಮಾನಗಳಿಗೆ ಅಮೆರಿಕದಲ್ಲಿ ಒಂದು ನಿಯಮವಿತ್ತು: ಬೇಕಾದ್ದಕ್ಕಿಂತ ಶೇ. 80ರಷ್ಟು ಜಾಸ್ತಿ ತೇಲುವ ಶಕ್ತಿ ಇರಬೇಕು, ಪ್ರತಿ ಫ್ಲೋಟಿನಲ್ಲಿ ನೀರು ಹೋಗದ ಕನಿಷ್ಠ 4 ಕೋಣೆ ಇರಬೇಕು. ಫ್ಲೋಟ್ ಹಾಕಿದ ಸೆಸ್ನಾ 172 ವಿಮಾನವನ್ನೇ ತಗೊಳ್ಳಿ. ಗರಿಷ್ಠ ತೂಕ 2220 ಪೌಂಡ್. ಅದನ್ನು 1.8ರಿಂದ ಗುಣಿಸಿದರೆ 3996. ಎರಡು ಪಾಲು ಮಾಡಿದರೆ ಒಂದೊಂದಕ್ಕೆ 1998. ಆ ವಿಮಾನಕ್ಕೆ ಹಾಕುತ್ತಿದ್ದ ಈಡೋ ಕಂಪನಿಯ ಫ್ಲೋಟಿನ ಹೆಸರಲ್ಲಿ 2000 ಅಂತಲೇ ಇದೆ! ಈ ಲೆಕ್ಕವನ್ನು ಮಗಳ ಕೈಯಲ್ಲೇ ಮಾಡಿಸಿ, ಬಹಳ ಖುಷಿ ಪಡುತ್ತಾಳೆ.

ನಿಮ್ಮದಕ್ಕೂ ಅದೇ ಲೆಕ್ಕ. 1.75 ಗುಣಿಸು 1.8 ಅಂದರೆ 3.15 ಲೀಟರ್. ಒಂದೊಂದಕ್ಕೆ ಸುಮಾರು 1.6 ಲೀಟರ್. ಉದ್ದ, ವಿಮಾನದ ಉದ್ದದ ಮುಕ್ಕಾಲು ಭಾಗ, ಅಂದರೆ 75 ಸೆಂ.ಮೀ. ಅಗಲ 6, ಎತ್ತರ 5 ಸೆಂ.ಮೀ. ಇಟ್ಟುಕೊಳ್ಳಿ. ಮೂತಿ, ಬಾಲ ಕೊರೆದ ಮೇಲೆ ಮುಕ್ಕಾಲು ಭಾಗ ಉಳಿದರೂ 1.7 ಲೀಟರ್ ಹತ್ತಿರ ಸಿಗುತ್ತದೆ. ನಂಬಿಕೆ ಬಾರದಿದ್ದರೆ ಒಂದು ಡ್ರಮ್ಮಿಗೆ ಕಂಠಮಟ್ಟ ನೀರು ತುಂಬಿಸಿ, ಕೆಳಗೆ ದೊಡ್ಡ ಟಬ್ ಇಡಿ, ಫ್ಲೋಟನ್ನು ನೆಟ್ಟಗೆ ಪೂರ್ತಿ ಒತ್ತಿ ಹಿಡಿಯಿರಿ. ಚೆಲ್ಲಿದ ನೀರನ್ನು ಅಳೆಯಿರಿ, ಅದೇ ಉತ್ತರ. ಕೆರೆಯಲ್ಲಿ ನಿಂತಾಗ ಫ್ಲೋಟು ಹೆಚ್ಚುಕಡಿಮೆ ಅರ್ಧ ಮುಳುಗಿರಬೇಕು.

60 ಸೆಂ.ಮೀ. ಫ್ಲೋಟ್ ಯಾಕೆ ಬೇಡ? ಫ್ಲೋಟಿನ ಮೂತಿ ಪ್ರೊಪೆಲ್ಲರಿಗಿಂತ ನಾಲ್ಕೈದು ಸೆಂ.ಮೀ. ಮುಂದೆ ಇರಬೇಕು. ಮೋಟರು ನೀರಿಗಿಂತ ಮೇಲಿರುತ್ತದೆ. ಜೋರು ಕೊಟ್ಟ ಕೂಡಲೇ ಅದು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಮುಂದೆ ಫ್ಲೋಟ್ ಇಲ್ಲದಿದ್ದರೆ ಮೂತಿ ನೀರಿಗೆ ಹೊಕ್ಕು ಲಾಗ ಹೊಡೆಯುತ್ತದೆ. 90ರದ್ದು ಸುಮ್ನೆ ಭಾರ, ಗಾಳಿಗೂ ಅಡ್ಡ. ಮುಂದೆ ಜಾಸ್ತಿ ಚಾಚಿದಷ್ಟೂ ಗಾಳಿಯಲ್ಲಿ ಮೂತಿ ಅತ್ತಿತ್ತ ತೂಗಾಡುತ್ತದೆ. 75ರದ್ದು ಹಾಕಿದರೂ ಹೀಗಾದರೆ ಬಾಲದ ಕೆಳಗೆ ನೆಟ್ಟಗೆ ನಿಲ್ಲುವ ಒಂದು ಸಣ್ಣ ರೆಕ್ಕೆ ಅಂಟಿಸಿ.

ಅಳತೆಗಿಂತ ನಾನು ಜಾಸ್ತಿ ಒತ್ತಿ ಹೇಳುವುದು ಫ್ಲೋಟಿನ ತಳದಲ್ಲಿರುವ ಮೆಟ್ಟಿಲಿನ ಬಗ್ಗೆ, ಅಂದರೆ ತಳದ ಹಿಂಭಾಗ ಮುಂಭಾಗಕ್ಕಿಂತ ಒಮ್ಮೆಲೇ ಮೇಲೇರುವ ಅಂಚಿನ ಬಗ್ಗೆ. ನೀರು ಫ್ಲೋಟಿನ ತಳವನ್ನು ಹಿಡಿದು ಎಳೆಯುತ್ತಿರುತ್ತದೆ. ಒದ್ದೆ ನೆಲದ ಮೇಲೆ ಬಿದ್ದ ಗಾಜಿನ ತುಂಡನ್ನು ಎತ್ತಿ ನೋಡಿ, ಗೊತ್ತಾಗುತ್ತದೆ. ಈ ಮೆಟ್ಟಿಲಿನ ಹತ್ತಿರ ಗಾಳಿ ಒಳಗೆ ನುಗ್ಗಿ ಆ ಹಿಡಿತ ಬಿಡಿಸುತ್ತದೆ. ನನ್ನ ಮೊದಲ ಫ್ಲೋಟಿಗೆ ಚೆಂದ ಕಾಣಲಿ ಅಂತ ಮೆಟ್ಟಿಲಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿದ್ದೆ. ವಿಮಾನ ಅರ್ಧ ಕೆರೆ ಓಡಿತು, ಏಳಲೇ ಇಲ್ಲ. ಮರುದಿನ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಚೂಪು ಮಾಡಿದೆ. ಅದೇ ಮೋಟರು, ಅದೇ ಬ್ಯಾಟರಿ, ಸಲೀಸಾಗಿ ಎದ್ದಿತು. ನಿಮ್ಮದಕ್ಕೆ 7 ಮಿ.ಮೀ. ಆಳದ ಮೆಟ್ಟಿಲು ಸಾಕು. ವಿಮಾನವನ್ನು ಎರಡು ಬೆರಳ ಮೇಲೆ ಇಟ್ಟಾಗ ತೂಕ ಸಮ ಆಗುವ ಜಾಗ ಇದೆಯಲ್ಲ, ಅದಕ್ಕಿಂತ ಒಂದು ಸೆಂ.ಮೀ.ಯಷ್ಟು ಹಿಂದೆ ಮೆಟ್ಟಿಲು ಬರಲಿ. ತುಂಬಾ ಹಿಂದೆ ಹೋದರೆ ಮೂತಿ ಮೇಲೇಳುವುದಿಲ್ಲ. ಫ್ಲೋಟ್ ಕಟ್ಟಿದ ಮೇಲೆ ಆ ಸಮತೂಕದ ಜಾಗವನ್ನು ಮತ್ತೊಮ್ಮೆ ನೋಡಿ, ಬದಲಾಗಿರುತ್ತದೆ.

ಎರಡು ಫ್ಲೋಟಿನ ನಡುವೆ ರೆಕ್ಕೆಯ ಕಾಲು ಭಾಗ, ಅಂದರೆ 35 ಸೆಂ.ಮೀ. ಅಂತರ. ಫ್ಲೋಟಿನ ಬೆನ್ನಿಗೆ ಹೋಲಿಸಿದರೆ ರೆಕ್ಕೆ ಎರಡು ಮೂರು ಡಿಗ್ರಿ ಮೇಲೆ ನೋಡುತ್ತಿರಲಿ.

ಇನ್ನು ಜಾಗ. ಉಣಕಲ್ ಕೆರೆ ಮನೆಗೆ ಹತ್ತಿರ ಅಂತ ಅಲ್ಲಿಗೆ ಓಡಬೇಡಿ. ಹುಬ್ಬಳ್ಳಿ ವಿಮಾನ ನಿಲ್ದಾಣ ಅಲ್ಲಿಂದ ದೂರವಿಲ್ಲ. 2021ರ ಡ್ರೋನ್ ನಿಯಮಗಳು ರಿಮೋಟ್ ವಿಮಾನಕ್ಕೂ ಅನ್ವಯಿಸುತ್ತವೆ. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಆನ್‌ಲೈನ್ ನಕ್ಷೆಯಲ್ಲಿ ಕೆಂಪು, ಹಳದಿ ಬಣ್ಣ ಇದ್ದ ಕಡೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹಸಿರು ಇರುವ ಕಡೆ ಊರ ಕೆರೆ ಹುಡುಕಿ, ಊರವರನ್ನು ಕೇಳಿ. ಅಂತರಗಂಗೆ ಬೆಳೆದ ಕೆರೆ ಬೇಡ, ಒಂದು ಎಲೆ ಸಿಕ್ಕಿದರೂ ಫ್ಲೋಟು ಗಿರಕಿ ಹೊಡೆಯುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಕಡೆ ಮಗಳನ್ನು ದಯವಿಟ್ಟು ಕರೆದುಕೊಂಡು ಹೋಗಬೇಡಿ. ಜಾರಿ ಬಿದ್ದರೆ ಹತ್ತೋಕೆ ಹಿಡಿತವೇ ಸಿಗುವುದಿಲ್ಲ. ವಿಮಾನ ನಡುನೀರಿನಲ್ಲಿ ನಿಂತರೂ ಯಾರೂ ಈಜಿ ಹೋಗಬಾರದು. ತೆಪ್ಪ ಇರುವ ಮೀನುಗಾರರೊಬ್ಬರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ನೀರು ಕನ್ನಡಿ ಹಾಗೆ ನಿಂತಿರುವಾಗ ನನ್ನ ಫ್ಲೋಟ್ ವಿಮಾನ ಏಳೋದೇ ಇಲ್ಲ, ಸ್ವಲ್ಪ ಗಾಳಿ ಇದ್ದರೆ ಏಳುತ್ತದೆ. ಯಾಕೆ? (ಓದುಗರು, ಹಾವೇರಿ)

ಉತ್ತರ: ನಿಂತ ನೀರು ತಳವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸಣ್ಣ ಅಲೆಗಳಿದ್ದರೆ ತಳದಡಿ ಗಾಳಿ ಸೇರಿ ಹಿಡಿತ ಸಡಿಲವಾಗುತ್ತದೆ. ಎದುರು ಗಾಳಿ ರೆಕ್ಕೆಗೂ ನೆರವು ಕೊಡುತ್ತದೆ. ಗಾಳಿಯೇ ಇಲ್ಲದ ದಿನ ಮೊದಲು ಒಂದು ಸುತ್ತು ನೀರಿನ ಮೇಲೆ ಓಡಿಸಿ, ಅದೇ ಎಬ್ಬಿಸಿದ ಅಲೆಯ ಮೇಲೆ ಹಾಯಿಸಿ. ಓಟದಲ್ಲಿ ವೇಗ ಬಂದ ಮೇಲೆ ಒಂದು ಕಡೆಯ ಫ್ಲೋಟನ್ನು ಮೆಲ್ಲಗೆ ಎತ್ತಿದರೆ ಇನ್ನೊಂದೂ ಬೇಗ ಬಿಡುತ್ತದೆ.