ರಿಫಾರ್ಮ್ ಯೆಹೂದಿಗಳನ್ನು ‘ಬಿಟ್ಟವರು’ ಎಂದು ಕರೆಯುವ ಮುನ್ನ

ಯೆಹೂದಿ ಧರ್ಮದ ಸುಧಾರಣಾವಾದಿ ಶಾಖೆಯಾದ ರಿಫಾರ್ಮ್ ಎಂದರೆ ಕಟ್ಟುಪಾಡು ಬಿಟ್ಟ ಯೆಹೂದಿಗಳ ಪಂಥವೇ, ಪ್ರಬಂಧಕ್ಕೆ ಅಮೆರಿಕದ ರಿಫಾರ್ಮ್ ರಬ್ಬಿಗಳು, ಅಂದರೆ ಧರ್ಮಗುರುಗಳು, ಹೊರಡಿಸಿದ 1885ರ ಪಿಟ್ಸ್‌ಬರ್ಗ್ ಘೋಷಣೆಯೊಂದನ್ನು ಓದಿದರೆ ಸಾಕೇ ಎಂದು ಕೇಳಿದ್ದೀರಿ. ಹದಿನೈದು ವರ್ಷಗಳ ಹಿಂದೆ ಅಮೆರಿಕದ ಸಿನ್ಸಿನಾಟಿಯಲ್ಲಿ ಓದುತ್ತಿದ್ದಾಗ ನಾನೂ ಹಾಗೆಯೇ ನಂಬಿದ್ದೆ.

ನನ್ನ ಸಂಶೋಧನೆಗೆ ನೆರವಾಗುತ್ತಿದ್ದ ಹಿರಿಯ ರಿಫಾರ್ಮ್ ಮಹಿಳೆಯೊಬ್ಬರು ಒಂದು ಶುಕ್ರವಾರ ಸಂಜೆ ಶಬ್ಬತ್, ಅಂದರೆ ವಾರದ ವಿಶ್ರಾಂತಿ ದಿನದ, ಊಟಕ್ಕೆ ಕರೆದರು. ನಾನು ಧಾರಾಳವಾಗಿ ತುಪ್ಪ ಹಾಕಿ ಕೋಳಿ ಪಲಾವ್ ಮಾಡಿಕೊಂಡು ಹೋದೆ. ಮಾಂಸಕ್ಕೆ ಹಾಲಿನ ಪದಾರ್ಥ ಸೇರಿಸಬಾರದೆಂಬ ಕೋಷರ್ ನಿಯಮ ನನಗೆ ಗೊತ್ತಿತ್ತು. ಆದರೆ ಆಹಾರದ ಕಟ್ಟಳೆಗಳು ಈ ಕಾಲದ ಮನಸ್ಸಿಗೆ ಹೊರಗಿನವು ಎಂದು 1885ರಲ್ಲಿಯೇ ರಬ್ಬಿಗಳು ಹೇಳಿದ್ದರಿಂದ, ಈ ಮನೆಯಲ್ಲಿ ಅದನ್ನು ಪಾಲಿಸುತ್ತಿರಲಾರರು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವರು ಮುಚ್ಚಳ ತೆಗೆದರು, ತುಪ್ಪವೇ ಎಂದು ಕೇಳಿದರು, ಮತ್ತೆ ಮುಚ್ಚಿ ಪಾತ್ರೆಯನ್ನು ಅಡುಗೆಮನೆಗೆ ಒಯ್ಯದೆ ಬಾಗಿಲ ಬಳಿಯ ಬೆಂಚಿನ ಮೇಲಿಟ್ಟರು. “ನನ್ನ ಅಜ್ಜಿ ಬಿಟ್ಟಿದ್ದರು, ನಾನು ಓದಿ ಯೋಚಿಸಿ ಮತ್ತೆ ಹಿಡಿದೆ, ಇಬ್ಬರೂ ರಿಫಾರ್ಮ್‌ನವರೇ” ಎಂದರು.

ಒಂದು ಪೀಳಿಗೆಯ ನಿಲುವನ್ನು ಇಡೀ ಪಂಥದ ಸಿದ್ಧಾಂತವೆಂದು ತಿಳಿದದ್ದೇ ನನ್ನ ತಪ್ಪು. ಅದೇ ಪಂಥದ 1937ರ ಕೊಲಂಬಸ್ ಘೋಷಣೆ ಶಬ್ಬತ್, ಹಬ್ಬಗಳು, ಹೀಬ್ರೂ ಭಾಷೆ ಉಳಿಯಬೇಕೆಂದಿತ್ತು. 1999ರಲ್ಲಿ ಅದೇ ಪಿಟ್ಸ್‌ಬರ್ಗ್‌ನಲ್ಲಿ ಸೇರಿದ ರಬ್ಬಿಗಳು, ಮಿತ್ಸ್ವಾಗಳನ್ನು, ಅಂದರೆ ಧರ್ಮವಿಧಿಗಳನ್ನು, ಎಲ್ಲವನ್ನೂ ಅಧ್ಯಯನ ಮಾಡಿ ತಮ್ಮ ಮನಸ್ಸಿಗೆ ಮುಟ್ಟುವಂಥವನ್ನು ಆಚರಿಸಬೇಕೆಂದಿದ್ದರು. ಇವೆರಡನ್ನೂ ನಾನು ತೆರೆದಿರಲಿಲ್ಲ. 1885ರದನ್ನಾದರೂ ಪೂರ್ತಿ ಓದಿರಲಿಲ್ಲ. ಬಡವ ಬಲ್ಲಿದರ ನಡುವಿನ ಅನ್ಯಾಯವನ್ನು ನೀಗಿಸುವ ಕೆಲಸದಲ್ಲಿ ಪಾಲ್ಗೊಳ್ಳುವುದು ಕರ್ತವ್ಯ ಎನ್ನುವ ಅದರ ಕೊನೆಯ ಅಂಶವನ್ನು ಹಾರಿಸಿಬಿಟ್ಟಿದ್ದೆ. ಊಟದ ನಂತರ ತೋರಿಸುತ್ತೇನೆಂದಿದ್ದ ಅಜ್ಜಿಯ ಪತ್ರಗಳನ್ನು ಅವರು ಅಂದೂ ತೆಗೆಯಲಿಲ್ಲ, ಮುಂದೆಯೂ ತೆಗೆಯಲಿಲ್ಲ. ಆ ಪತ್ರಗಳನ್ನೇ ನಂಬಿಕೊಂಡಿದ್ದ ಒಂದು ಅಧ್ಯಾಯವನ್ನು ನಾನು ಕೈಬಿಡಬೇಕಾಯಿತು.

ಆದ್ದರಿಂದ ‘ಬಿಟ್ಟವರು’ ಎಂಬ ಮಾತನ್ನೇ ನಿಮ್ಮ ಪ್ರಶ್ನೆಯಿಂದ ತೆಗೆದುಹಾಕಿ. 1935ರಲ್ಲಿ ಜರ್ಮನಿಯಲ್ಲಿ ರೆಗೀನಾ ಯೋನಾಸ್, 1972ರಲ್ಲಿ ಸಿನ್ಸಿನಾಟಿಯಲ್ಲಿ ಸ್ಯಾಲಿ ಪ್ರೀಸ್ಯಾಂಡ್ ಎಂಬ ಮಹಿಳೆಯರು ರಬ್ಬಿಗಳಾದಾಗ ಆ ಧರ್ಮಕ್ಕೆ ಕೂಡಿದ್ದೆಷ್ಟು ಎಂದು ನೋಡಿ. ನಮಗೆ ಇನ್ನೂ ಹತ್ತಿರದವರೊಬ್ಬರಿದ್ದಾರೆ. ಶಿವಮೊಗ್ಗದಲ್ಲಿ ಹುಟ್ಟಿದ, ಭಾರತದ ಯೆಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದ ವೈದ್ಯೆ ಜೆರೂಷಾ ಝಿರಾದ್ ಅವರು ಲಂಡನ್ನಿನಲ್ಲಿ ಓದುವಾಗ ರಿಫಾರ್ಮ್‌ಗೆ ಹತ್ತಿರದ ಲಿಬರಲ್ ಯೆಹೂದಿಗಳ ಚಿಂತನೆಯನ್ನು ಮೆಚ್ಚಿಕೊಂಡು, 1925ರಲ್ಲಿ ಮುಂಬೈಯಲ್ಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಎಂಬ ಸಂಘವನ್ನು ಆರಂಭಿಸಿದರು. ಪ್ರಬಂಧವನ್ನು ಅವರಿಂದ ಶುರು ಮಾಡಿ, 1885ಕ್ಕೆ ಆಮೇಲೆ ಬನ್ನಿ.